ಎರಡು ಗೆರೆ ಕಾಣುವ ಮೊದಲು

ಹೋದ ತಿಂಗಳು ಒಂದು ಭಾನುವಾರ ಮಗಳಿಗೆ ತಲೆ ಬಾಚುತ್ತಿದ್ದೆ. ಕೂದಲು ಎತ್ತಿದರೆ ಕಿವಿಯ ಹಿಂದೆ, ಮಿದುಳಿನ ನೀರು ಇಳಿಸಲು ಹಾಕಿದ ಶಂಟ್‌ನ ಉಬ್ಬು ಬೆರಳಿಗೆ ಸಿಗುತ್ತದೆ. ಅಲ್ಲಿ ಬಾಚಣಿಗೆಯನ್ನು ನಿಧಾನವಾಗಿ ಆಡಿಸುತ್ತೇನೆ. ಅವಳಿಗೆ ಈಗ 12 ವರ್ಷ. ಇದ್ದಕ್ಕಿದ್ದಂತೆ ಕೇಳಿದಳು, "ಅಮ್ಮ, ನನ್ನ ಬೆನ್ನು ಯಾಕೆ ಮುಚ್ಚಿಕೊಳ್ಳಲಿಲ್ಲ?"

ಈ "ಯಾಕೆ" ನನಗೆ ಹೊಸದಲ್ಲ. ಅವಳು ಹುಟ್ಟಿದ ದಿನದಿಂದ ಕೇಳಿಸಿಕೊಂಡು ಬಂದಿದ್ದೇನೆ. ಆದರೆ ಆಗೆಲ್ಲ ಅದು ಬೈಗುಳವೇ ಆಗಿರುತ್ತಿತ್ತು. ಗ್ರಹಣದಲ್ಲಿ ಹೊರಗೆ ಬಂದಿದ್ಯಾ? ಪಪ್ಪಾಯಿ ತಿಂದಿದ್ಯಾ? ಸ್ಕೂಟರ್ ಓಡಿಸಬೇಡ ಅಂದಿದ್ದೆವಲ್ಲ? ಬಾಣಂತಿ ಕೋಣೆಯಲ್ಲಿ ಮಲಗಿದ್ದಾಗ ಅಡುಗೆಮನೆಯಿಂದ ಒಂದು ಮಾತು ತೇಲಿ ಬಂದಿತ್ತು: "ಹೊಟ್ಟೇಲಿದ್ದಾಗ ಏನೋ ಎಡವಟ್ಟು ಮಾಡ್ಕೊಂಡಿದ್ದಾಳೆ." ಗಂಡನನ್ನು ಯಾರೂ ಏನೂ ಕೇಳಲಿಲ್ಲ. ಮಗಳ ದನಿಯಲ್ಲಿ ಆ ಮೊನಚು ಇರಲಿಲ್ಲ. ಮಳೆ ಯಾಕೆ ಬರುತ್ತೆ ಅಂತ ಕೇಳಿದ ಹಾಗೆ ಕೇಳಿದಳು. ಅವಳಿಗೆ ಅವತ್ತು ಹೇಳಿದ್ದನ್ನೇ ಇನ್ನೊಂದಿಷ್ಟು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವಳ ತೊಂದರೆಯ ಹೆಸರು ಸ್ಪೈನಾ ಬೈಫಿಡಾ. ಲ್ಯಾಟಿನ್‌ನಲ್ಲಿ ಹಾಗೆಂದರೆ ಸೀಳಿದ ಬೆನ್ನುಮೂಳೆ. 17ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟುಲ್ಪ್ ಇಂಥ ಮಕ್ಕಳ ಬಗ್ಗೆ ಬರೆದಿಟ್ಟ ಮೇಲೆ ಈ ಹೆಸರು ಉಳಿದುಕೊಂಡಿತು. ನಮ್ಮೂರಲ್ಲಿ "ಬೆನ್ನ ಮೇಲೆ ಗಂಟು" ಅನ್ನುತ್ತಾರೆ. ಇದರಲ್ಲಿ ಬಗೆಗಳಿವೆ. ಕೆಲವರಿಗೆ ಒಂದು ಮೂಳೆ ಸ್ವಲ್ಪ ಕೂಡಿಕೊಂಡಿರುವುದಿಲ್ಲ, ಅಷ್ಟೇ. ಅದು ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಕಾಣುತ್ತದೆ. ನನ್ನ ಮಗಳದ್ದು ಮೈಲೋಮೆನಿಂಗೋಸೀಲ್. ಆಸ್ಪತ್ರೆಯಲ್ಲಿ ಚಿಕ್ಕದಾಗಿ ಎಂಎಂಸಿ ಅನ್ನುತ್ತಾರೆ. ಅವಳು ಹುಟ್ಟಿದಾಗ ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಚೀಲವಿತ್ತು. ತೆಳ್ಳಗೆ, ಹೊಳೆಯುತ್ತಿತ್ತು. ಅದರೊಳಗೆ ನರಗಳಿದ್ದವು.

ಹೇಗೆ ಆಯಿತು ಅನ್ನುವುದನ್ನು ಅವಳಿಗೆ ಕರ್ಜಿಕಾಯಿ ಹೋಲಿಸಿ ಹೇಳಿದೆ. ಗೌರಿ ಹಬ್ಬಕ್ಕೆ ಅವಳೂ ನನ್ನ ಜೊತೆ ಕೂತು ಕರ್ಜಿಕಾಯಿ ಒತ್ತುತ್ತಾಳೆ. ಲಟ್ಟಿಸಿದ ಹಾಳೆಯನ್ನು ಮಡಚಿ ಅಂಚು ಸೇರಿಸಿ ಒತ್ತುತ್ತೇವೆ ಅಲ್ವಾ? ಹೊಟ್ಟೆಯೊಳಗಿನ ಮಗುವೂ ಮೂರನೇ ವಾರದಲ್ಲಿ ಹೀಗೇ ಒಂದು ತೆಳು ಹಾಳೆ. ಹಾಳೆಯ ನಡುವೆ ಒಂದು ಪಟ್ಟಿ ತಗ್ಗಾಗುತ್ತದೆ. ಎರಡೂ ಅಂಚು ಮೇಲೆದ್ದು ಒಂದನ್ನೊಂದು ಮುಟ್ಟಿ, ಕೊಳವೆಯಾಗಿ ಅಂಟಿಕೊಳ್ಳುತ್ತವೆ. ಆ ಕೊಳವೆಯಿಂದಲೇ ಮಿದುಳು, ಅದರಿಂದಲೇ ಬೆನ್ನುಹುರಿ. ಅಂಟುವುದು ಕುತ್ತಿಗೆಯ ಕಡೆಯಿಂದ ಶುರುವಾಗಿ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ತಲೆಯ ತುದಿ ಸುಮಾರು 25ನೇ ದಿನಕ್ಕೆ ಮುಚ್ಚುತ್ತದೆ. ಬಾಲದ ತುದಿ 28ನೇ ದಿನದ ಹೊತ್ತಿಗೆ. ತಲೆಯ ತುದಿ ಮುಚ್ಚದಿದ್ದರೆ ಮಗು ಬದುಕುವುದಿಲ್ಲ. ಕೆಳಗಿನ ತುದಿ ಮುಚ್ಚದಿದ್ದರೆ ನನ್ನ ಮಗಳ ಹಾಗೆ.

"ಒಂದು ಕಡೆ ಒತ್ತೋದು ಬಿಟ್ಟುಹೋದ ಕರ್ಜಿಕಾಯಿ ನಾನು" ಅಂದಳು. ಹೌದು ಅನ್ನಲೂ ಆಗದೆ, ಅಲ್ಲ ಅನ್ನಲೂ ಆಗದೆ ಜಡೆಗೆ ರಬ್ಬರ್ ಬ್ಯಾಂಡ್ ಹಾಕಿದೆ.

ಈ 28 ದಿನದ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಇಡೀ ವಿಷಯ ಇರುವುದೇ ಇಲ್ಲಿ. ಮಗು ಕಟ್ಟಿದ ದಿನದಿಂದ 28. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನಿಂದ, ಹಾಗಾಗಿ ಅವರ ಲೆಕ್ಕದಲ್ಲಿ ಅದು ಆರು ವಾರ. ಮುಟ್ಟು ತಪ್ಪುವುದು ನಾಲ್ಕು ವಾರಕ್ಕೆ. ಅಂದರೆ ಮುಟ್ಟು ತಪ್ಪಿದ ಎರಡೇ ವಾರಕ್ಕೆ ಕೊಳವೆ ಮುಚ್ಚಿ ಮುಗಿದಿರುತ್ತದೆ. ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ನಮ್ಮಲ್ಲಿ ಎಷ್ಟು ಜನ ಎರಡು ವಾರದೊಳಗೆ ಆಸ್ಪತ್ರೆಗೆ ಹೋಗುತ್ತೇವೆ? "ಇನ್ನೂ ನಾಲ್ಕು ದಿನ ನೋಡೋಣ" ಅನ್ನುತ್ತೇವೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ಮನೆಗಳು ಈಗಲೂ ಇವೆ. ಪಪ್ಪಾಯಿ, ಸ್ಕೂಟರ್, ಭಾರ ಎತ್ತುವುದು, ಬೆಟ್ಟ ಹತ್ತುವುದು, ಗ್ರಹಣ ಒಂದು ಬಿಟ್ಟರೆ ನನ್ನ ಮೇಲೆ ಹೊರಿಸಿದ ಪಟ್ಟಿಯಲ್ಲಿ ಇದ್ದಿದ್ದೆಲ್ಲ ನಾಲ್ಕನೇ, ಐದನೇ ತಿಂಗಳ ಮಾತು. ಆ ಹೊತ್ತಿಗೆ ಅವಳ ಬೆನ್ನಿನ ವಿಷಯ ತೀರ್ಮಾನವಾಗಿ ಎಷ್ಟೋ ದಿನ ಕಳೆದಿತ್ತು.

ಐದನೇ ತಿಂಗಳಲ್ಲಿ ಸ್ಕ್ಯಾನಿಂಗ್ ಆಗಿತ್ತು. ಊರಿನ ಒಂದು ಸೆಂಟರ್‌ನಲ್ಲಿ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎಲ್ಲ ಸರಿಯಿದೆ ಅಂತ ರಿಪೋರ್ಟ್ ಕೊಟ್ಟರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಬೆನ್ನಿನ ಸೀಳು ಕಾಣದಿದ್ದರೂ ತಲೆಯಲ್ಲಿ ಗುರುತು ಸಿಗುತ್ತದೆ ಎಂದು 1986ರಿಂದಲೇ ವೈದ್ಯರಿಗೆ ಗೊತ್ತು. ತಲೆಬುರುಡೆ ಮುಂದುಗಡೆ ನಿಂಬೆಹಣ್ಣಿನ ಆಕಾರಕ್ಕೆ ಬರುತ್ತದೆ, ಹಿಂದಿನ ಚಿಕ್ಕ ಮಿದುಳು ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. ನನಗೆ ಗೊತ್ತಾಗಿದ್ದು ಎಂಟನೇ ತಿಂಗಳಲ್ಲಿ, ಮಗುವಿನ ತಲೆ ದೊಡ್ಡದಾಗಿ ಕಂಡ ಮೇಲೆ. ಮೊದಲೇ ತಿಳಿದಿದ್ದರೆ ಏನು ಮಾಡುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಓದುತ್ತಾಳೆ. ಆದರೆ ತಯಾರಾಗುವ ಹಕ್ಕಾದರೂ ನನಗಿತ್ತು. ಅದನ್ನು ಆ ಹತ್ತು ನಿಮಿಷ ಕಿತ್ತುಕೊಂಡಿತು.

ಹುಟ್ಟಿದ ಎರಡನೇ ದಿನ ಬೆಂಗಳೂರಿನಲ್ಲಿ ಬೆನ್ನು ಮುಚ್ಚಿದರು. ಆದರೆ ಆಪರೇಷನ್ ಮಾಡಿದರೆ ಚರ್ಮ ಮುಚ್ಚುತ್ತದೆ, ಸೋಂಕು ತಪ್ಪುತ್ತದೆ, ಹೋದ ನರ ವಾಪಸ್ ಬರುವುದಿಲ್ಲ. ತೆರೆದುಕೊಂಡ ನರಗಳು ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆದು ಇನ್ನಷ್ಟು ಹಾಳಾಗಿರುತ್ತವೆ. ಅದಕ್ಕೇ ಕೆಲವು ದೇಶಗಳಲ್ಲಿ ಹೊಟ್ಟೆಯಲ್ಲಿರುವಾಗಲೇ, 26 ವಾರದೊಳಗೆ, ಆಪರೇಷನ್ ಮಾಡಿ ನೋಡಿದರು. 2011ರಲ್ಲಿ ಅಮೆರಿಕದಿಂದ ಬಂದ ಫಲಿತಾಂಶ ನೋಡಿದರೆ, ಹುಟ್ಟಿದ ಮೇಲೆ ಆಪರೇಷನ್ ಆದ ಮಕ್ಕಳಲ್ಲಿ 82% ಮಂದಿಗೆ ಶಂಟ್ ಬೇಕಾಗಿತ್ತು. ಹೊಟ್ಟೆಯಲ್ಲಿದ್ದಾಗಲೇ ಆದವರಲ್ಲಿ 40%.

ಶಂಟ್ ಅಂದರೆ ಮಿದುಳಿನಲ್ಲಿ ತುಂಬಿಕೊಳ್ಳುವ ನೀರನ್ನು ಚರ್ಮದ ಕೆಳಗೇ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ. ನಡುವೆ ಒಂದು ಕವಾಟ. ಅದರ ಹಿಂದಿನ ಕಥೆ ನನಗೆ ಬಹಳ ಹತ್ತಿರದ್ದು. ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಅಂತ ಒಬ್ಬ ಕಾರ್ಖಾನೆಯ ಕೆಲಸಗಾರ ಇದ್ದ. ಅವನಿಗೆ 1955ರಲ್ಲಿ ಹುಟ್ಟಿದ ಮಗನಿಗೂ ಇದೇ ತೊಂದರೆ. ಆಗಿನ ಕೊಳವೆಗಳು ಪದೇ ಪದೇ ಕಟ್ಟಿಕೊಳ್ಳುತ್ತಿದ್ದವು. ಮಗನ ಹಾಸಿಗೆ ಪಕ್ಕ ಕೂತು ನೋಡಿದವನು ಮನೆಗೆ ಹೋಗಿ ಸಿಲಿಕೋನ್‌ನಲ್ಲಿ ಒಂದು ಕವಾಟ ಮಾಡಿಬಿಟ್ಟ. 1956ರಲ್ಲಿ ಡಾಕ್ಟರ್ ಯೂಜೀನ್ ಸ್ಪಿಟ್ಜ್ ಅದನ್ನು ಮಗುವೊಂದಕ್ಕೆ ಹಾಕಿದರು. ಹೋಲ್ಟರನ ಸ್ವಂತ ಮಗ ಹೆಚ್ಚು ವರ್ಷ ಬದುಕಲಿಲ್ಲ. ನನ್ನ ಮಗಳ ಕಿವಿಯ ಹಿಂದೆ ಬೆರಳಾಡಿಸುವಾಗೆಲ್ಲ ಆ ಅಪ್ಪನ ನೆನಪಾಗುತ್ತದೆ.

"ಹೇಗೆ" ಅನ್ನುವುದಕ್ಕೆ ಉತ್ತರ ಸಿಕ್ಕಿತು. "ಯಾಕೆ" ಅನ್ನುವುದು ಅಷ್ಟು ಸುಲಭ ಇಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಕೇಳಿದ್ದು ಓದಿದ್ದು ಎಲ್ಲ ಬರೆದು, ಪ್ರತಿಯೊಂದರ ಮುಂದೆ ನನಗೆ ಇತ್ತಾ ಇಲ್ಲವಾ ಅಂತ ಗುರುತು ಹಾಕುತ್ತಿದ್ದೆ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಎಷ್ಟೋ ಪಟ್ಟು ಜಾಸ್ತಿ. 100ರಲ್ಲಿ ಒಂದೆರಡು ಮಕ್ಕಳಿಗೆ ಆಗಬಹುದು. ನನಗೆ ಫಿಟ್ಸ್ ಇಲ್ಲ. (ಈ ಮಾತ್ರೆ ತೆಗೆದುಕೊಳ್ಳುವ ಯಾರಾದರೂ ಓದುತ್ತಿದ್ದರೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಮಗುವಿನ ಯೋಚನೆ ಬಂದ ಕೂಡಲೇ ನಿಮ್ಮ ಡಾಕ್ಟರ ಹತ್ತಿರ ಹೇಳಿ.) ಬಸಿರಿಗೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನನಗಿರಲಿಲ್ಲ. ತೀರಾ ದಪ್ಪ ಇರುವುದು, ಅಲ್ಲ. ಮೊದಲ ವಾರಗಳಲ್ಲಿ ಜೋರು ಜ್ವರ, ನೆನಪಿಲ್ಲ. ಫೋಲೇಟ್ ಎಂಬ ಬಿ ವಿಟಮಿನ್ ಕೊರತೆ, ಯಾರೂ ಪರೀಕ್ಷೆ ಮಾಡಿರಲಿಲ್ಲ. ಬಿ12 ಕಡಿಮೆ ಇದ್ದರೂ ಅಪಾಯ ಹೆಚ್ಚುತ್ತದೆ. ನಾವು ಮಾಂಸ, ಮೊಟ್ಟೆ ತಿನ್ನದವರು, ನನಗೆ ಕಡಿಮೆ ಇದ್ದಿರಬಹುದು. ವಂಶವಾಹಿಯೂ ಇದೆ. ಫೋಲೇಟನ್ನು ದೇಹ ಬಳಸಿಕೊಳ್ಳಲು ನೆರವಾಗುವ ಎಂಟಿಎಚ್ಎಫ್ಆರ್ ಎಂಬ ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ ಇದ್ದರೂ ಸಾಕು, ಅಪಾಯ ಸ್ವಲ್ಪ ಏರುತ್ತದೆ. ಅದು ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ.

ಇನ್ನೂ ವಿಚಿತ್ರವಾದ ಕಾರಣವೂ ಇದೆ. 1991ರಲ್ಲಿ ಅಮೆರಿಕದ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಎಂಬ ಗಡಿ ಊರಿನಲ್ಲಿ ತಲೆಯ ತುದಿ ಮುಚ್ಚದ ಮಕ್ಕಳು ಒಂದರ ಹಿಂದೆ ಒಂದು ಹುಟ್ಟಿದವು. ಕಾರ್ಖಾನೆಯ ಹೊಗೆ ಅಂದರು, ಕೀಟನಾಶಕ ಅಂದರು. ಎಷ್ಟೋ ವರ್ಷ ಹುಡುಕಿದ ಮೇಲೆ ಬೆರಳು ಹೋಗಿದ್ದು ಮೆಕ್ಕೆಜೋಳದ ರೊಟ್ಟಿಯ ಕಡೆಗೆ. ಬೂಷ್ಟು ಹಿಡಿದ ಜೋಳದಲ್ಲಿ ಫ್ಯುಮೊನಿಸಿನ್ ಎಂಬ ವಿಷ ಇರುತ್ತದೆ. ಅದು ಜೀವಕೋಶದೊಳಕ್ಕೆ ಫೋಲೇಟ್ ಹೋಗುವ ದಾರಿಗೇ ಅಡ್ಡ ಬರುತ್ತದೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಊಟವೇ ಸಿಗದ ತಿಂಗಳುಗಳಲ್ಲಿ ಗರ್ಭಕಟ್ಟಿದ ಮಕ್ಕಳಲ್ಲೂ ಈ ತೊಂದರೆ ಜಾಸ್ತಿ ಕಂಡಿತ್ತು. ಎಲ್ಲ ದಾರಿಗಳೂ ತಿರುಗಿ ತಿರುಗಿ ಅದೇ ವಿಟಮಿನ್ ಹತ್ತಿರ ಬರುತ್ತವೆ.

ನೋಟ್‌ಬುಕ್ಕನ್ನು ಒಮ್ಮೆ ನರರೋಗ ವೈದ್ಯರಿಗೆ ತೋರಿಸಿದೆ. ಅವರು ಪುಟ ತಿರುಗಿಸಿ ಹೇಳಿದ್ದು ಇಷ್ಟೇ: "ಸಾವಿರಾರು ತಾಯಂದಿರನ್ನು ಒಟ್ಟಿಗೆ ನೋಡಿದರೆ ಕಾರಣ ಕಾಣುತ್ತೆ. ಒಬ್ಬ ತಾಯಿಯನ್ನು ನೋಡಿದರೆ ಕಾಣಲ್ಲ." ಮನೆಗೆ ಬರುವ ಬಸ್ಸಿನಲ್ಲಿ ಅಳು ಬಂತು. ನಾಲ್ಕು ವರ್ಷ ನಾನು ಹುಡುಕುತ್ತಿದ್ದದ್ದು ಕಾರಣ ಅಲ್ಲ, ನನ್ನ ತಪ್ಪು ಅಂತ ಆಗ ಹೊಳೆಯಿತು.

ಈ ವಿಟಮಿನ್ ಸಿಕ್ಕ ಕಥೆ ನಮ್ಮ ನೆಲದಿಂದಲೇ ಶುರುವಾಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸಿರಿಯರಿಗೆ ವಿಪರೀತ ರಕ್ತಹೀನತೆ. ಎಷ್ಟೋ ಜನ ಸಾಯುತ್ತಿದ್ದರು. ಯಾವುದೋ ರೋಗಾಣು ಇರಬೇಕೆಂದು ಹುಡುಕಿದರು, ಸಿಗಲಿಲ್ಲ. ಊಟ ನೋಡಿದರು. ಬಡವರ ತಟ್ಟೆಯಲ್ಲಿ ಸೊಪ್ಪು, ತರಕಾರಿ ಇಲ್ಲವೇ ಇಲ್ಲ. ಕೊನೆಗೆ ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟು ನೋಡಿದರೆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಏನಿದೆ ಅನ್ನುವುದು ಆಗ ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಅದೇ ಬಗೆಯ ಅಂಶವನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಂ, ಅದರಿಂದ ಫೋಲಿಕ್ ಆಸಿಡ್. ಹೆಸರಲ್ಲೇ ಸೊಪ್ಪಿದೆ.

ರಕ್ತಕ್ಕೆ ಬೇಕಾದದ್ದು ಬೆನ್ನಿಗೂ ಬೇಕು ಅಂತ ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಬ್ರಿಟನ್ನಿನ ರಿಚರ್ಡ್ ಸ್ಮಿಥೆಲ್ಸ್ 1960ರ ದಶಕದಿಂದಲೇ ಹೇಳುತ್ತಿದ್ದರು. ಪೂರ್ತಿ ನಂಬುವ ಹಾಗಾಗಿದ್ದು 1991ರಲ್ಲಿ. ಏಳು ದೇಶಗಳ 33 ಕೇಂದ್ರಗಳಲ್ಲಿ 1817 ಹೆಂಗಸರು ಒಂದು ಪರೀಕ್ಷೆಯಲ್ಲಿ ಭಾಗವಹಿಸಿದರು. ಎಲ್ಲರೂ ಹಿಂದೆ ಒಮ್ಮೆ ಇಂಥ ಮಗುವನ್ನು ಹೊತ್ತವರೇ. ಕೆಲವರಿಗೆ ಫೋಲಿಕ್ ಆಸಿಡ್, ಕೆಲವರಿಗೆ ಇಲ್ಲ. ತೆಗೆದುಕೊಂಡವರಲ್ಲಿ ಮತ್ತೆ ಅದೇ ತೊಂದರೆ ಆದದ್ದು 6 ಮಕ್ಕಳಿಗೆ, ತೆಗೆದುಕೊಳ್ಳದವರಲ್ಲಿ 21ಕ್ಕೆ. ಅಪಾಯ 72% ಇಳಿದಿತ್ತು. ಉತ್ತರ ಅಷ್ಟು ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಆ 1817 ತಾಯಂದಿರ ಮುಖ ನಾನು ಎಂದೂ ನೋಡುವುದಿಲ್ಲ. ಒಂದು ಮಗುವಿಗೆ ಹೀಗಾದ ಮೇಲೆ ಇನ್ನೊಂದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಎಂಥದ್ದು ಅಂತ ನನಗೆ ಗೊತ್ತು. ಅಂಥ ಹೊತ್ತಿನಲ್ಲಿ, ತಮ್ಮ ಕೈಗೆ ಬಂದ ಮಾತ್ರೆಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ, ಅವರು ಅದನ್ನು ನುಂಗಿದರು.

100ರಲ್ಲಿ 72, ನೂರಕ್ಕೆ ನೂರಲ್ಲ. ಮಾತ್ರೆ ತಪ್ಪದೆ ತೆಗೆದುಕೊಂಡವರಿಗೂ ಇಂಥ ಮಗು ಹುಟ್ಟಿದ್ದಿದೆ. ಆ ತಾಯಿಯ ಮುಂದೆ ಹೋಗಿ "ಮಾತ್ರೆ ತಗೊಂಡಿದ್ರೆ ಆಗ್ತಿರ್ಲಿಲ್ಲ" ಅನ್ನುವುದು ಗ್ರಹಣದ ಮಾತಿನಷ್ಟೇ ಕ್ರೂರ.

ನಮ್ಮ ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರು, ಕೊಳವೆ ಮುಚ್ಚದ ಎಲ್ಲ ಬಗೆಯ ತೊಂದರೆ ಸೇರಿ 1000 ಹೆರಿಗೆಗೆ ಸುಮಾರು 4 ಅನ್ನುತ್ತಾರೆ. ಸಣ್ಣ ಸಂಖ್ಯೆ ಅಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಮಾತ್ರೆ ಇಲ್ಲವೇ? ಇದೆ. ಆಶಾ ಅಕ್ಕ ಮನೆಗೇ ತಂದು ಕೊಡುತ್ತಾರೆ. ಬಸಿರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ರಕ್ತಕ್ಕೆ ಅದು ಬೇಕೇ ಬೇಕು. ಆದರೆ ಅದು ಶುರುವಾಗುವುದು ನಾಲ್ಕನೇ ತಿಂಗಳಿಂದ. ಮೊದಲ ಮೂರು ತಿಂಗಳಿಗೆ ಬರೀ ಫೋಲಿಕ್ ಆಸಿಡ್ ಇದೆ. ಅದೂ ತಾಯಿ ಕಾರ್ಡ್ ಆದ ಮೇಲೆ, ಅಂದರೆ ಗೊತ್ತಾದ ಮೇಲೆ. ಬೆನ್ನಿಗೆ ಬೇಕಾಗಿದ್ದು ಗೊತ್ತಾಗುವ ಮೊದಲು. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ತಿಂಗಳಾದರೂ ಮುಂಚಿನಿಂದ. ಅದು ದುಬಾರಿಯೂ ಅಲ್ಲ. ಮದುವೆಗೆ ಜಾತಕ ಕೂಡಿಸುತ್ತೇವೆ, ಬ್ಲೌಸಿಗೆ ಎರಡು ಸಲ ಅಳತೆ ಕೊಡುತ್ತೇವೆ. ಈ ಮಾತ್ರೆಯ ಬಗ್ಗೆ ಒಂದು ಮಾತು ನನಗೆ ಯಾರೂ ಹೇಳಲಿಲ್ಲ. ನಾನು ಡಿಗ್ರಿ ಓದಿದ ಟೀಚರ್.

ಸೊಪ್ಪು ಕಾಳು ತಿಂದರೆ ಸಾಲದೇ ಅಂತ ಕೇಳುವವರಿದ್ದಾರೆ. ತಿನ್ನಬೇಕು, ಖಂಡಿತ. ಹೆಸರುಕಾಳು, ಅಲಸಂದೆ, ಕಡಲೆ, ಮೆಂತ್ಯ, ಪಾಲಕ್ ಎಲ್ಲದರಲ್ಲೂ ಫೋಲೇಟ್ ಇದೆ. ಆದರೆ ಅದು ನೀರಿಗೆ ಇಳಿದುಹೋಗುತ್ತದೆ, ಜಾಸ್ತಿ ಕುದಿಸಿದರೆ ಹಾಳಾಗುತ್ತದೆ. ನಮ್ಮ ಅಜ್ಜಿಯರ ಬಸ್ಸಾರು ಇಲ್ಲಿ ನೆನಪಾಗುತ್ತದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುತ್ತಾರೆ. ವಿಟಮಿನ್ ಹೆಸರು ಕೇಳದವರು ಕಂಡುಕೊಂಡ ಅಡುಗೆ ಅದು. ಹಾಗಿದ್ದರೂ ಬಸ್ಸಾರನ್ನೇ ನಂಬಿ ಕೂರುವ ಹಾಗಿಲ್ಲ. ಊಟದ ಫೋಲೇಟ್ ಮಾತ್ರೆಯಷ್ಟು ಚೆನ್ನಾಗಿ ಮೈಗೆ ಹತ್ತುವುದಿಲ್ಲ. ನಾನು ವಾರಕ್ಕೆ ಮೂರು ದಿನ ಬಸ್ಸಾರು ಉಂಡವಳೇ.

ಅದಕ್ಕೇ ಎಷ್ಟೋ ದೇಶಗಳು ಹೆಂಗಸರಿಗೆ ನೆನಪಿಸುವುದನ್ನು ನೆಚ್ಚಿಕೊಳ್ಳದೆ ಹಿಟ್ಟಿಗೇ ಫೋಲಿಕ್ ಆಸಿಡ್ ಬೆರೆಸುತ್ತವೆ. ಅಮೆರಿಕ 1998ರಿಂದ 100 ಗ್ರಾಂ ಹಿಟ್ಟಿಗೆ 140 ಮೈಕ್ರೋಗ್ರಾಂ ಕಡ್ಡಾಯ ಮಾಡಿತು. ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಸಿಗುತ್ತದೆ. ನಮ್ಮಲ್ಲೂ ಕೆಲ ವರ್ಷಗಳ ಹಿಂದೆ ರೇಷನ್‌ನಲ್ಲಿ ಸಾರವರ್ಧಿತ ಅಕ್ಕಿ ಬಂತು. ಅದರ ಬಿಳಿ ಕಾಳು ನೋಡಿ "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಎಸೆದವರನ್ನು ನಾನೇ ನೋಡಿದ್ದೇನೆ, ಕೂತು ತಿಳಿಸಿ ಹೇಳಿದ್ದೇನೆ. ಆದರೆ ಅದಕ್ಕೆ ಇಟ್ಟ ಅಳತೆ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೂ 40 ದಾಟುವುದಿಲ್ಲ. 400 ಎಲ್ಲಿ, 40 ಎಲ್ಲಿ?

ಎರಡನೆಯ ಸಲ ನಾನು ಮೂರು ತಿಂಗಳು ಮೊದಲೇ 5 ಮಿಲಿಗ್ರಾಂ ಮಾತ್ರೆ ಶುರು ಮಾಡಿದೆ. ಒಮ್ಮೆ ಇಂಥ ಮಗು ಹುಟ್ಟಿದವರಿಗೆ ಡಾಕ್ಟರು ಈ ದೊಡ್ಡ ಡೋಸ್ ಬರೆಯುತ್ತಾರೆ. ಮಗನ ಬೆನ್ನು ನೆಟ್ಟಗಿದೆ. ಮಾತ್ರೆಯಿಂದಲೇ ಅಂತ ನಾನು ಹೇಳುವುದಿಲ್ಲ. ಮತ್ತೆ ಹಾಗಾಗುವ ಸಾಧ್ಯತೆ ಇದ್ದದ್ದೇ 100ಕ್ಕೆ ಸುಮಾರು 3. ಆದರೂ ಪ್ರತಿ ರಾತ್ರಿ ಮಾತ್ರೆ ನುಂಗುವಾಗ ಏನೋ ಒಂದನ್ನು ಮಾಡುತ್ತಿದ್ದೇನೆ ಅನ್ನುವ ಧೈರ್ಯ ಇರುತ್ತಿತ್ತು.

ಇಷ್ಟೂ ಕೇಳಿದ ಮೇಲೆ ಮಗಳು ಕೇಳಿದಳು, "ಹಾಗಾದ್ರೆ ಆ 28 ದಿನ ನೀನು ಏನು ಮಾಡ್ತಿದ್ದೆ?"

ಆ ದಿನಗಳು ನನಗೆ ಬಾಯಿಪಾಠ. ಎಷ್ಟು ರಾತ್ರಿ ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದ್ದೇನೋ. ಅವಳು ಹುಟ್ಟಿದ್ದು 2013ರ ಡಿಸೆಂಬರ್ ಕೊನೆಗೆ. ಹಾಗಾಗಿ ಶುರು ಏಪ್ರಿಲ್ ಎರಡನೇ ವಾರ. ಏಪ್ರಿಲ್ 11 ಯುಗಾದಿ. ಒಬ್ಬಟ್ಟು ಮಾಡಿದ್ದೆ, ಹೂರಣ ಸ್ವಲ್ಪ ತೆಳ್ಳಗಾಗಿತ್ತು. ಏಪ್ರಿಲ್ 25ರ ರಾತ್ರಿ ಚಂದ್ರಗ್ರಹಣ ಇದ್ದದ್ದು ನಿಜ. ಅರ್ಧ ಗಂಟೆಯೂ ಇರಲಿಲ್ಲ, ಚಂದ್ರನ ಅಂಚಿಗೆ ಅಷ್ಟೇ ತಾಗಿತ್ತು. ನಾನು ನಿದ್ದೆಯಲ್ಲಿದ್ದೆ. ಬಸಿರು ಅಂತ ಯಾರಿಗೂ ಗೊತ್ತಿರದ ಹೆಂಗಸನ್ನು ಯಾವ ಅತ್ತೆ ಒಳಗೆ ಕೂರಿಸಿಯಾಳು? ಅದೇ ರಾತ್ರಿ ಅದೇ ಚಂದ್ರನ ಕೆಳಗೆ ದೇಶದಲ್ಲಿ ಲಕ್ಷಾಂತರ ಬಸಿರಿಯರಿದ್ದರು, ಅವರ ಮಕ್ಕಳು ಈಗ ಅವಳ ವಯಸ್ಸಿನವರು, ಓಡಾಡಿಕೊಂಡಿದ್ದಾರೆ.

ಮೇ 5 ವಿಧಾನಸಭೆ ಚುನಾವಣೆ. ನನಗೆ ಮತಗಟ್ಟೆ ಡ್ಯೂಟಿ. ಹಿಂದಿನ ದಿನವೇ ಮೆಷಿನ್ ಹೊತ್ತು ಬಸ್ಸಿನಲ್ಲಿ ಹೋಗಿ, ಒಂದು ಹಳ್ಳಿಯ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗಿದ್ದೆವು. ಬೆಳಗಿನಿಂದ ಸಂಜೆವರೆಗೆ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಸೆಕೆ. ಮಧ್ಯಾಹ್ನ ಯಾರೋ ಮಜ್ಜಿಗೆ ತಂದುಕೊಟ್ಟಿದ್ದರು. ಸೊಂಟ ನೋಯುತ್ತಿತ್ತು, ಮುಟ್ಟು ಇವತ್ತೋ ನಾಳೆಯೋ ಅಂದುಕೊಂಡಿದ್ದೆ. ನನಗೆ ಯಾವಾಗಲೂ ಹಿಂದೆ ಮುಂದೆ ಆಗುತ್ತಿತ್ತು. ಲೆಕ್ಕ ಹಾಕಿದರೆ ಅವಳ ಕೊಳವೆಯ ಕೆಳತುದಿ ಮುಚ್ಚಬೇಕಾಗಿದ್ದದ್ದು ಅದರ ಆಸುಪಾಸಿನಲ್ಲೇ. ಮೇ 8 ಮತ ಎಣಿಕೆ. ಎಲ್ಲರೂ ಟಿವಿ ಮುಂದೆ. ನಾನು ಬಚ್ಚಲಲ್ಲಿ ಕಿಟ್ ಹಿಡಿದು ನಿಂತಿದ್ದೆ. ಎರಡು ಗೆರೆ.

"ಅವತ್ತು ಖುಷಿ ಆಯ್ತಾ ನಿಂಗೆ?"

"ತುಂಬಾ."

"ಶಾಯಿ ಹಚ್ಚುವಾಗ ನಾನಿದ್ದೀನಿ ಅಂತ ಗೊತ್ತೇ ಇರ್ಲಿಲ್ವಾ?"

"ಇರ್ಲಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಅಷ್ಟರಲ್ಲಿ ಅವಳ ವಾಚು ಬಡಿಯಿತು. ನಾಲ್ಕು ಗಂಟೆಗೊಮ್ಮೆ ಮೂತ್ರದ ಕೊಳವೆ ಹಾಕಿಕೊಳ್ಳಬೇಕು. ಹತ್ತನೇ ವರ್ಷದಿಂದ ಅದನ್ನು ಅವಳೇ ಮಾಡಿಕೊಳ್ಳುತ್ತಾಳೆ. ನೀಲಿ ಚೀಲ ತೆಗೆದುಕೊಂಡಳು, ಊರುಗೋಲು ಸರಿ ಮಾಡಿಕೊಂಡಳು. ಬಾಗಿಲ ಹತ್ತಿರ ನಿಂತು, "ಆ ಹಳ್ಳಿ ಶಾಲೆ ಎಲ್ಲಿದೆ ಅಮ್ಮ, ಒಂದ್ಸಲ ಹೋಗಿ ನೋಡ್ಬಹುದಾ?" ಅಂದಳು.